ನಡುವಿನ ನಟ್ ಬಿಚ್ಚುವ ಮುನ್ನ

ಪ್ರಶ್ನೆ: ನನ್ನ ಸಣ್ಣ ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರುತ್ತಿದೆ. ಮನೆಯಲ್ಲೇ ಬದಲಾಯಿಸುವ ಆಸೆ. ಸ್ಪ್ರಿಂಗನ್ನು ಅಮುಕಿ ಹಿಡಿಯುವ ಕಂಪ್ರೆಸರ್ ಇಲ್ಲದೆ, ಸ್ಪ್ರಿಂಗ್‌ಗೆ ದಪ್ಪ ತಂತಿ ಬಿಗಿದು ಬಿಚ್ಚುವುದನ್ನು ವಿಡಿಯೊದಲ್ಲಿ ನೋಡಿದೆ. ಮಾಡಬಹುದೇ?

ಉತ್ತರ: ಕೂಡದು. ಪ್ರತಿ ಮಳೆಗಾಲದ ನಂತರ ರಸ್ತೆ ಗುಂಡಿ ಬಿದ್ದಂತೆ ಈ ಪ್ರಶ್ನೆಯೂ ಬರುತ್ತದೆ. ತಂತಿ ಬಿಗಿದವನ ಮುಖ ನೆಟ್ಟಗೆ ಉಳಿದಿರುವುದು ಅವನ ಅದೃಷ್ಟ, ಜಾಣತನವಲ್ಲ.

ಲೆಕ್ಕ ನೋಡಿ. ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಅಮುಕಲು ಎರಡು ಕಿಲೋ ಭಾರ ಬೇಕು ಎಂದಿಟ್ಟುಕೊಳ್ಳಿ. ಅದು 12 ಸೆಂಟಿಮೀಟರ್ ಕುಗ್ಗಿ ಕುಳಿತಿದ್ದರೆ 240 ಕಿಲೋ ಬಲ ಹೊರಬರಲು ಕಾಯುತ್ತಿದೆ. ಚಕ್ರ ನೇತಾಡುತ್ತಿರುವಾಗಲೂ ಸ್ಪ್ರಿಂಗ್ ಪೂರ್ತಿ ಸಡಿಲವಾಗುವುದಿಲ್ಲ. ಅದನ್ನು ಹಿಡಿದಿಟ್ಟಿರುವುದು ಸ್ಟ್ರಟ್ (ಶಾಕ್ ಮತ್ತು ಅದರ ಸುತ್ತಲಿನ ಸ್ಪ್ರಿಂಗ್ ಸೇರಿದ ಜೋಡಣೆ) ತುದಿಯ ನಡುವಿನ ನಟ್ ಒಂದೇ.

ಬಾನೆಟ್ ಎತ್ತಿದಾಗ ಆ ನಟ್‌ನ ಸುತ್ತ ಕಾಣುವ ಚಿಕ್ಕ ನಟ್‌ಗಳು ಬೇರೆ. ಅವು ಸ್ಟ್ರಟ್ಟನ್ನು ಕಾರಿನ ಮೈಗೆ ಹಿಡಿದಿರುತ್ತವೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿದವರಿಗೆ ನಾನು ಉತ್ತರಿಸುವುದಿಲ್ಲ), ಬ್ರೇಕ್ ಪೈಪಿನ ಕ್ಲಿಪ್ ಬಿಡಿಸಿ, ಕೆಳಗಿನ ಎರಡು ಬೋಲ್ಟ್ ಕಳಚಿ, ಕೊನೆಗೆ ಈ ಚಿಕ್ಕ ನಟ್‌ಗಳನ್ನು ಬಿಚ್ಚಿದರೆ ಸ್ಟ್ರಟ್ ಇಡಿಯಾಗಿ ಕೈಗೆ ಬರುತ್ತದೆ. ಇಷ್ಟನ್ನು ಮನೆಯಲ್ಲಿ ಮಾಡಿ, ನನ್ನ ತಕರಾರಿಲ್ಲ. ಅಲ್ಲಿಂದ ಮುಂದಕ್ಕೆ ಸ್ಟ್ರಟ್ಟನ್ನು ಚೀಲಕ್ಕೆ ಹಾಕಿಕೊಂಡು ಒಳ್ಳೆಯ ಕಂಪ್ರೆಸರ್ ಇರುವ ಗ್ಯಾರೇಜಿಗೆ ಹೋಗಿ.

ನಾನೇ ಮಾಡುತ್ತೇನೆ ಎಂಬ ಹಟವೇ? ಹಾಗಾದರೆ ಗಟ್ಟಿ ಕೊಕ್ಕೆಗಳ ಕಂಪ್ರೆಸರ್ ಜೋಡಿಯನ್ನು ಎದುರುಬದುರಾಗಿ ಕೂರಿಸಿ, ಅದರ ಸ್ಕ್ರೂ ಎಳೆಗಳಿಗೆ ಗ್ರೀಸ್ ಹಚ್ಚಿ, ಒಂದೊಂದು ಕಡೆ ಒಂದೆರಡು ಸುತ್ತಿನಂತೆ ಕೈ ಸ್ಪ್ಯಾನರಿನಿಂದಲೇ ಬಿಗಿಯಿರಿ. ಇಂಪ್ಯಾಕ್ಟ್ ಗನ್ (ನಟ್ ಬಿಗಿಯುವ ಯಂತ್ರ) ದೂರವಿರಲಿ. ಮೇಲಿನ ತಟ್ಟೆಯ ಮೇಲೆ ಸ್ಪ್ರಿಂಗಿನ ಒತ್ತಡ ಪೂರ್ತಿ ಬಿಟ್ಟು ಸ್ಪ್ರಿಂಗ್ ಅಲುಗಾಡುವವರೆಗೆ ನಡುವಿನ ನಟ್ ಮುಟ್ಟಬೇಡಿ. ಸ್ಟ್ರಟ್ ತುದಿ ಗೋಡೆಯ ಕಡೆಗಿರಲಿ, ನಿಮ್ಮ ಕಡೆಗಾಗಲಿ, ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತ ಮಗನ ಕಡೆಗಾಗಲಿ ಬೇಡ. ಜೋಡಿಸುವಾಗ ಸ್ಪ್ರಿಂಗಿನ ತುದಿ ಕೆಳತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ಕೂತಿದೆಯೇ ನೋಡಿ. ಶಾಕ್‌ಗಳನ್ನು ಎರಡೂ ಬದಿಗೆ ಒಟ್ಟಿಗೇ ಬದಲಾಯಿಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಅಂದಹಾಗೆ, ಸೋರಿದ್ದು ಶಾಕ್. ಒಳ್ಳೆಯ ಸ್ಪ್ರಿಂಗನ್ನು ಹೊಸದಕ್ಕೆ ಬದಲಿಸಿ ಎಂದು ಹೇಳುವವನು ಬಿಲ್ ಬೆಳೆಸುತ್ತಿದ್ದಾನೆ.

ಪ್ರಶ್ನೆ: ಹಿಂದಿನ ಸ್ಪ್ರಿಂಗಿಗೂ ಕಂಪ್ರೆಸರ್ ಬೇಕೇ?

ಉತ್ತರ: ಸ್ವಿಫ್ಟ್, ಐ10 ಮಾದರಿಯ ಟಾರ್ಷನ್ ಬೀಮ್ (ಎರಡು ಹಿಂಚಕ್ರಗಳನ್ನು ಜೋಡಿಸುವ ಒಂದೇ ತೊಲೆ) ಕಾರುಗಳಲ್ಲಿ ಸಾಮಾನ್ಯವಾಗಿ ಬೇಡ, ಅಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಬೇರೆ ಬೇರೆ. ಬೀಮ್ ಕೆಳಗೆ ಜಾಕ್ ಕೊಟ್ಟು ಎರಡೂ ಶಾಕ್‌ಗಳ ಕೆಳ ಬೋಲ್ಟ್ ತೆಗೆದು, ಬ್ರೇಕ್ ಪೈಪ್ ಜಗ್ಗದಂತೆ ನಿಧಾನವಾಗಿ ಇಳಿಸಿ.

ಪ್ರಶ್ನೆ: ಕಾರು ತಗ್ಗಿಸಲು ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ?

ಉತ್ತರ: ಕಾರಿನ ಜೊತೆ ವಿಮೆಯನ್ನೂ ಕತ್ತರಿಸಿದಂತಾಗಬಹುದು. ಗ್ಯಾಸ್ ಕಟರಿನ ಬಿಸಿಗೆ ಉಕ್ಕಿನ ಹದವೂ ಕೆಡುತ್ತದೆ.

ಪ್ರಶ್ನೆ: ಸ್ಪ್ರಿಂಗಿಗೆ ಎಂಜಿನ್ ಆಯಿಲ್ ಹಚ್ಚಿದರೆ ಕಿರಗುಟ್ಟುವುದು ನಿಲ್ಲುತ್ತದೆಯೇ?

ಉತ್ತರ: ಸದ್ದು ಹೆಚ್ಚಾಗಿ ಕೀಲುಗಳಲ್ಲಿರುವ ರಬ್ಬರ್ ಬುಷ್‌ನದು, ಇಲ್ಲವೇ ಸ್ಟ್ರಟ್ ಬೇರಿಂಗಿನದು. ಎಣ್ಣೆ ಅಲ್ಲಿನ ರಬ್ಬರನ್ನು ಕೊಳೆಸುತ್ತದೆ, ಅಷ್ಟೇ.