ಸುವಾನಿ ತಂಡ ಹೊರಬಿದ್ದಿತೋ, ಹೊರಬಂದಿತೋ?

ಮಾನ್ಯ ಓದುಗರಿಗೆ ನಮಸ್ಕಾರ.

ಅಮೆರಿಕದ ಟೆನೆಸಿ ರಾಜ್ಯದ ಸುವಾನಿಯಲ್ಲಿರುವ ‘ಯೂನಿವರ್ಸಿಟಿ ಆಫ್ ದ ಸೌತ್’ ಎಂಬ ಪುಟ್ಟ ವಿಶ್ವವಿದ್ಯಾಲಯದ ಬಗ್ಗೆ ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಎರಡು ಸಂದೇಹಗಳನ್ನು ಎತ್ತಿದ್ದೀರಿ. 1899ರಲ್ಲಿ ಅದರ ಅಮೆರಿಕನ್ ಫುಟ್‌ಬಾಲ್ ತಂಡವು ಆರು ದಿನಗಳಲ್ಲಿ ಐದು ಪಂದ್ಯ ಗೆದ್ದಿತೆಂಬುದು ದಂತಕಥೆಯಲ್ಲವೇ? ನಿಜವೇ ಆಗಿದ್ದರೆ, ಅಂಥ ತಂಡವು 1940ರಲ್ಲಿ ವಿಶ್ವವಿದ್ಯಾಲಯ ತಂಡಗಳ ದೊಡ್ಡ ಒಕ್ಕೂಟದಿಂದ ಹೊರಬಿದ್ದದ್ದು ಪತನವಲ್ಲವೇ?

ಅದು ದಂತಕಥೆಯಲ್ಲ. ಟಿಕೆಟ್ ಹಣದ ಹಂಚಿಕೆಯ ವಿಷಯದಲ್ಲಿ ನೆರೆಯ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದೊಂದಿಗೆ ತಕರಾರು ಎದ್ದು ಆ ವರ್ಷದ ಪಂದ್ಯವೇ ರದ್ದಾದಾಗ, ಖೋತಾ ಆದ ಆದಾಯವನ್ನು ತುಂಬಿಕೊಳ್ಳಲು ತಂಡದ ವ್ಯವಸ್ಥಾಪಕನಾಗಿದ್ದ ವಿದ್ಯಾರ್ಥಿ ಲ್ಯೂಕ್ ಲೀ (ಮುಂದೆ ಈತ ಟೆನೆಸಿಯಿಂದ ಸೆನೆಟರ್ ಆದ) ಸುಮಾರು 2,500 ಮೈಲಿಗಳ ರೈಲು ಪ್ರವಾಸವೊಂದನ್ನು ಹೊಂದಿಸಿದ. ಪರಊರಿನ ನೀರು ಕುಡಿದು ಆಟಗಾರರ ಆರೋಗ್ಯ ಕೆಡಬಾರದೆಂದು ಸುವಾನಿಯ ಒರತೆಯ ನೀರನ್ನೇ ಪೀಪಾಯಿಗಳಲ್ಲಿ ತುಂಬಿಸಿ ಒಯ್ದರು. ಎದುರಾಳಿಗಳೆಲ್ಲ ವಿಶ್ವವಿದ್ಯಾಲಯ, ಕಾಲೇಜುಗಳ ತಂಡಗಳೇ: ನವೆಂಬರ್ 9ರಂದು ಟೆಕ್ಸಾಸ್ ವಿರುದ್ಧ 12-0, ಮರುದಿನ ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 10-0, ಅದರ ಮರುದಿನ ಟುಲೇನ್ ವಿರುದ್ಧ 23-0. ಭಾನುವಾರದ ವಿಶ್ರಾಂತಿಯ ನಂತರ ಲೂಸಿಯಾನ ಸ್ಟೇಟ್ ವಿರುದ್ಧ 34-0, 14ರಂದು ಮಿಸಿಸಿಪಿ ವಿರುದ್ಧ 12-0. ಎದುರಾಳಿಗಳಲ್ಲಿ ಒಬ್ಬರಿಗೂ ಒಂದು ಅಂಕ ದಕ್ಕಲಿಲ್ಲ. ಚೆಂಡನ್ನು ಮುಂದಕ್ಕೆ ಎಸೆಯಲು ಆಗಿನ್ನೂ ಅವಕಾಶವಿರಲಿಲ್ಲ. ಚೆಂಡು ಎದುರಾಳಿಯ ಪಾಲಾಗದಿರಲು ಮೂರು ಯತ್ನಗಳಲ್ಲಿ ಐದು ಗಜ ಮುನ್ನುಗ್ಗಬೇಕಿತ್ತು. ಒಮ್ಮೆ ಮೈದಾನ ಬಿಟ್ಟವನು ಆ ಪಂದ್ಯಕ್ಕೆ ಮರಳುವಂತಿರಲಿಲ್ಲ. ಮೈಗೆ ಮೈ ತಾಗಿಸಿ ನೂಕಾಡುವ ಅಂಥ ಆಟವನ್ನು, ರಾತ್ರಿಯೆಲ್ಲ ರೈಲಿನಲ್ಲಿ ಪಯಣಿಸಿ ಬಂದವರು ದಿನ ಬೆಳಗಾದರೆ ಆಡಿದರೆಂಬುದನ್ನು ನೆನೆದಾಗಲೆಲ್ಲ ನನಗೆ ಆ ಹುಡುಗರ ಮೇಲೆ ಗೌರವ ಉಕ್ಕುತ್ತದೆ. ಆ ಋತುವಿನ 12 ಪಂದ್ಯಗಳನ್ನೂ ಗೆದ್ದ ತಂಡವು 322 ಅಂಕ ಗಳಿಸಿ ಕೇವಲ 10 ಬಿಟ್ಟುಕೊಟ್ಟಿತು. ಆ ಹತ್ತೂ ಆಬರ್ನ್ ತಂಡದ ಪಾಲಾದವು.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ತಮ್ಮದಕ್ಕಿಂತ ಭಿನ್ನವಾಗಿದೆ. ತಾವು ಹೇಳುವ ಆ ಒಕ್ಕೂಟ, ಅಂದರೆ 1932ರಲ್ಲಿ ಸ್ಥಾಪನೆಯಾದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನ 13 ಸ್ಥಾಪಕ ಸದಸ್ಯರಲ್ಲಿ ಸುವಾನಿಯೂ ಒಂದು. ಹಿಂದೆ ಅದರ ಕೈಯಲ್ಲಿ ಸೋತಿದ್ದ ಟುಲೇನ್, ಲೂಸಿಯಾನ ಸ್ಟೇಟ್, ಮಿಸಿಸಿಪಿಗಳೂ ಅಲ್ಲಿದ್ದವು. ಆದರೆ ಅವು ಬೆಳೆದು ದೊಡ್ಡವಾಗಿದ್ದವು. ಸುವಾನಿಯಲ್ಲಿ ಇದ್ದದ್ದು ಕೆಲವೇ ನೂರು ವಿದ್ಯಾರ್ಥಿಗಳು. ಒಕ್ಕೂಟದಲ್ಲಿ ಆಡಿದ 37 ಪಂದ್ಯಗಳನ್ನೂ ಅದು ಸೋತಿತು. ಹಣ ಕೊಟ್ಟು ಆಟಗಾರರನ್ನು ಕರೆತಂದರೆ ಸ್ಪರ್ಧೆಯಲ್ಲಿ ಉಳಿಯಬಹುದಿತ್ತೇನೋ. ಆದರೆ 1938ರಲ್ಲಿ ಆಡಳಿತದ ಹೊಣೆ ಹೊತ್ತ ಉಪಕುಲಪತಿ ಅಲೆಕ್ಸಾಂಡರ್ ಗೆರಿ ಅವರು, ಓದಲು ಬಂದವರೇ ಆಡಬೇಕು ಎಂಬ ನಿಲುವಿನಿಂದ ಕ್ರೀಡಾ ವಿದ್ಯಾರ್ಥಿವೇತನವನ್ನು ಒಪ್ಪಲಿಲ್ಲ. 1940ರಲ್ಲಿ ಸುವಾನಿ ತಾನಾಗಿಯೇ ಒಕ್ಕೂಟವನ್ನು ಬಿಟ್ಟಿತು. ಆಟವನ್ನು ಮಾತ್ರ ಬಿಡಲಿಲ್ಲ. ಅಮೆರಿಕದ ಕಾಲೇಜು ಕ್ರೀಡೆಗಳಲ್ಲಿ, ಕ್ರೀಡೆಗೆಂದು ವಿದ್ಯಾರ್ಥಿವೇತನವನ್ನೇ ಕೊಡದ ಮೂರನೆಯ ಡಿವಿಜನ್‌ನಲ್ಲಿ ಅದರ ತಂಡ ಇಂದಿಗೂ ಆಡುತ್ತಿದೆ.

ತಮ್ಮ ಸಂದೇಹಕ್ಕೆ ನಮ್ಮ ಲೇಖನದಲ್ಲಿ ಅಚ್ಚಾದ ‘ಹೊರಬಿದ್ದಿತು’ ಎಂಬ ಪದವೇ ಕಾರಣ. ಅದನ್ನು ‘ಹೊರಬಂದಿತು’ ಎಂದು ತಿದ್ದಿ ಓದಿಕೊಳ್ಳಬೇಕೆಂದು ತಮ್ಮಲ್ಲಿಯೂ ಉಳಿದ ಓದುಗರಲ್ಲಿಯೂ ಕೋರುತ್ತೇನೆ.

— ಸಂಪಾದಕ