ಮಂಡ್ಯಕ್ಕೆ ಬಂದ ಫೈಲ್ ಮೈಸೂರಿಗೆ ಯಾಕೆ ಬರಲಿಲ್ಲ?

ಪ್ರಶ್ನೆ: ಕುವೆಂಪುನಗರದ ಒಂದು ಮಹಡಿಯಲ್ಲಿ ನಾವು ಐದು ಜನ ಸೇರಿ ಗೇಮ್ ಮಾಡುತ್ತಿದ್ದೇವೆ. ಫೈಲ್‌ಗಳೆಲ್ಲ ಪರ್ಫೋರ್ಸ್‌ನಲ್ಲಿವೆ, ಅಂದರೆ ಪ್ರತಿ ಫೈಲಿನ ಹಳೆಯ ಹೊಸ ಆವೃತ್ತಿಗಳನ್ನು ಸರ್ವರ್‌ನಲ್ಲಿ ಇಟ್ಟುಕೊಳ್ಳುವ ಸಾಫ್ಟ್‌ವೇರ್‌ನಲ್ಲಿ. ವರ್ಕ್‌ಸ್ಪೇಸ್ (ಆ ಫೈಲ್‌ಗಳು ನಮ್ಮ ಕಂಪ್ಯೂಟರಿನಲ್ಲಿ ಇಳಿಯುವ ಜಾಗ) ಸೆಟ್ಟಿಂಗ್ ಅನ್ನು ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳುತ್ತೇವೆ. ನಮ್ಮ ಹುಡುಗನೊಬ್ಬ ಮಂಡ್ಯದ ಮನೆಯಲ್ಲಿ ಕೂತು ಆಫೀಸಿನ ವರ್ಕ್‌ಸ್ಪೇಸ್ ಹೆಸರನ್ನೇ ಹಾಕಿಕೊಂಡ. ಈಗ ಆಫೀಸಿನ ಕಂಪ್ಯೂಟರ್‌ಗೆ ಕೆಲವು ಫೈಲ್ ಬರುವುದೇ ಇಲ್ಲ, ಕೇಳಿದರೆ 'ಅಪ್ ಟು ಡೇಟ್' ಅನ್ನುತ್ತದೆ. ಯಾವ ಫೈಲ್ ವರ್ಕ್‌ಸ್ಪೇಸಿನಲ್ಲಿ ಎಲ್ಲಿಗೆ ಬರಬೇಕು ಅನ್ನುವ ಪಟ್ಟಿಯನ್ನು, ಅಂದರೆ ವ್ಯೂ ಅನ್ನು, ಯಾರಾದರೂ ತಿದ್ದಿದರೆ ಹಳೆಯದೂ ಸಿಗುವುದಿಲ್ಲ. ಏನು ಮಾಡೋಣ ಸರ್?
— ಓದುಗರು, ಮೈಸೂರು

ಉತ್ತರ: ಆ ಹುಡುಗನನ್ನು ಬೈಯಬೇಡಿ. ಯಾವ ವರ್ಕ್‌ಸ್ಪೇಸ್‌ನಲ್ಲಿ ಯಾವ ಫೈಲಿನ ಎಷ್ಟನೇ ಆವೃತ್ತಿ ಇದೆ ಅನ್ನುವ ಲೆಕ್ಕವನ್ನು ಪರ್ಫೋರ್ಸ್ ಇಡುವುದು ಸರ್ವರ್‌ನಲ್ಲಿ, ಅದೂ ವರ್ಕ್‌ಸ್ಪೇಸಿನ ಹೆಸರಿನ ಮೇಲೆ. ಮಂಡ್ಯದಲ್ಲಿ ಸಿಂಕ್ ಮಾಡಿದಾಗ, ಅಂದರೆ ಸರ್ವರ್‌ನಿಂದ ಫೈಲ್ ತರಿಸಿಕೊಂಡಾಗ, 'ಇವರಿಗೆ ಕೊಟ್ಟಾಯ್ತು' ಎಂದು ಬರೆದುಕೊಂಡಿತು. ಮೈಸೂರಿನಿಂದ ಕೇಳಿದರೆ ಮತ್ತೆ ಯಾಕೆ ಕೊಡುತ್ತದೆ, ಅಲ್ವಾ? ವರ್ಕ್‌ಸ್ಪೇಸ್ ಫಾರ್ಮ್‌ನಲ್ಲಿ ಹೋಸ್ಟ್ ಅನ್ನುವ ಜಾಗ ಖಾಲಿ ಬಿಟ್ಟಿದ್ದೀರಿ ಅನ್ನಿಸುತ್ತದೆ. ಅಲ್ಲಿ ಕಂಪ್ಯೂಟರಿನ ಹೆಸರಿದ್ದಿದ್ದರೆ ಸರ್ವರ್ ಮೊದಲೇ ತಡೆಯುತ್ತಿತ್ತು. ಈಗ ಆಫೀಸಿನಲ್ಲಿ ಫೋರ್ಸ್ ಸಿಂಕ್ ಮಾಡಿ, ಲೆಕ್ಕದಲ್ಲಿ ಕೊಟ್ಟಾಗಿದೆ ಎಂದಿದ್ದರೂ ಮತ್ತೆ ಕೊಡುತ್ತದೆ. ಚೆಕ್‌ಔಟ್ ಮಾಡದೆ, ಅಂದರೆ ತಿದ್ದುತ್ತೇನೆ ಎಂದು ಸರ್ವರ್‌ಗೆ ಹೇಳದೆ, ತಿದ್ದಿದ ಫೈಲ್ ಇದ್ದರೆ ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಇಲ್ಲದಿದ್ದರೆ ಅದರ ಮೇಲೇ ಬರೆದುಬಿಡುತ್ತದೆ.

ಹಂಚಿಕೊಳ್ಳಬೇಕಾದದ್ದು ವರ್ಕ್‌ಸ್ಪೇಸ್ ಅಲ್ಲ, ಅದರ ವ್ಯೂ. ಒಂದು ಮಾದರಿ ವರ್ಕ್‌ಸ್ಪೇಸ್ ಮಾಡಿ, ಅದಕ್ಕೆ 'ಲಾಕ್ಡ್' ಹಾಕಿ. ಆಗ ಅದರ ಒಡೆಯರನ್ನು ಬಿಟ್ಟು ಬೇರೆಯವರು ತಿದ್ದಲಾರರು. ಹೊಸಬರು ಬಂದಾಗ ವರ್ಕ್‌ಸ್ಪೇಸ್ ಮಾಡುವ 'ಪಿ4 ಕ್ಲೈಂಟ್' ಆಜ್ಞೆಗೆ '-ಟಿ' ಸೇರಿಸಿ ಆ ಮಾದರಿಯ ಹೆಸರು ಕೊಟ್ಟರೆ ವ್ಯೂ, ಆಯ್ಕೆಗಳು ನಕಲಾಗುತ್ತವೆ. ಹೆಸರು, ಫೋಲ್ಡರ್ ಅವರವರದೇ. ಆದರೆ ನಕಲು ಆಗುವುದು ಆ ಕ್ಷಣಕ್ಕೆ ಮಾತ್ರ. ನಾಳೆ ಮಾದರಿ ತಿದ್ದಿದರೆ ಹಳೆಯ ವರ್ಕ್‌ಸ್ಪೇಸ್‌ಗಳು ಹಾಗೇ ಉಳಿಯುತ್ತವೆ. ಅದು ಕಿರಿಕಿರಿ ಅನ್ನಿಸಿದರೆ 2011ರಲ್ಲಿ ಪರ್ಫೋರ್ಸ್‌ಗೆ ಬಂದ ಸ್ಟ್ರೀಮ್ಸ್ ಅನ್ನುವ ಶಾಖೆಗಳ ವ್ಯವಸ್ಥೆ ಹಿಡಿಯಿರಿ. ಅಲ್ಲಿ ವ್ಯೂ ಸ್ಟ್ರೀಮ್‌ನಿಂದಲೇ ಹುಟ್ಟುತ್ತದೆ, ಒಂದು ಕಡೆ ತಿದ್ದಿದರೆ ಎಲ್ಲರಿಗೂ ತಲುಪುತ್ತದೆ. ನನ್ನ ಓಟು ಸ್ಟ್ರೀಮ್ಸ್‌ಗೇ. ಗೇಮ್ ಅರ್ಧಕ್ಕೆ ಬಂದಿದ್ದರೆ ಮಾತ್ರ ಸದ್ಯಕ್ಕೆ ಮಾದರಿ ಸಾಕು, ಸುಮ್ನೆ ತಲೆನೋವು ಬೇಡ.

ಹಳೆಯ ವ್ಯೂ ಸಿಗಬೇಕಾದರೆ 'ಸ್ಪೆಕ್' ಬಗೆಯ ಡಿಪೋ, ಅಂದರೆ ಸರ್ವರ್‌ನಲ್ಲಿ ಇಂಥ ಫಾರ್ಮ್‌ಗಳನ್ನು ಇಡುವ ಉಗ್ರಾಣ, ಬೇಕು. ಒಂದು ಸರ್ವರ್‌ಗೆ ಒಂದೇ. ಅದಿದ್ದರೆ ಯಾರು ವರ್ಕ್‌ಸ್ಪೇಸ್ ಫಾರ್ಮ್ ತಿದ್ದಿದರೂ ಹೊಸ ಆವೃತ್ತಿ ತಾನಾಗಿ ಉಳಿಯುತ್ತದೆ. ಡಿಪೋ ಮಾಡಿದ ಕೂಡಲೇ 'ಪಿ4 ಅಡ್ಮಿನ್ ಅಪ್‌ಡೇಟ್‌ಸ್ಪೆಕ್‌ಡಿಪೋ -ಎ' ಓಡಿಸಿ, ಈಗಾಗಲೇ ಇರುವವೂ ಒಳಗೆ ಬರುತ್ತವೆ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಮುಂದೆ ವ್ಯೂ ಕೆಟ್ಟಾಗ 'ಪಿ4 ಪ್ರಿಂಟ್ -ಕ್ಯೂ' ಕೊಟ್ಟು ಬೇಕಾದ ಆವೃತ್ತಿ ತೆಗೆದು, 'ಪಿ4 ಕ್ಲೈಂಟ್ -ಐ'ಗೆ ಊಡಿಸಿದರೆ ಆಯಿತು. ಇನ್ನು ವಾಟ್ಸಾಪ್‌ನಲ್ಲಿ ಹುಡುಕುವ ಕೆಲಸವಿಲ್ಲ.

ನೀವು ಐದೇ ಜನ ಅಂದಿರಿ. ಉಚಿತ ಪರವಾನಗಿ 5 ಬಳಕೆದಾರರು, 20 ವರ್ಕ್‌ಸ್ಪೇಸ್‌ಗೆ ನಿಲ್ಲುತ್ತದೆ. ಮನೆಗೊಂದು ಆಫೀಸಿಗೊಂದು ಮಾಡಿಕೊಂಡರೂ ಸಾಲುತ್ತದೆ. ಕೆಲಸ ಬಿಟ್ಟು ಹೋದವರ ವರ್ಕ್‌ಸ್ಪೇಸ್‌ಗಳನ್ನು ಮಾತ್ರ ಆಗಾಗ ಅಳಿಸುತ್ತಿರಿ.