ಕೊಟ್ಟಿಗೆಯಿಂದ ಹೊರಬಂದ ಯೆಜ್ಡಿ: ಕಿಕ್ ಹೊಡೆಯುವ ಮೊದಲು

ಪ್ರಶ್ನೆ: ಪುತ್ತೂರಿನ ಸೋದರಮಾವ ತಮ್ಮ 1979ರ ಯೆಜ್ಡಿ 250 ಬೈಕ್ ನನಗೆ ಕೊಟ್ಟಿದ್ದಾರೆ. ಒಂಬತ್ತು ವರ್ಷ ಅಡಿಕೆ ಕೊಟ್ಟಿಗೆಯಲ್ಲೇ ನಿಂತಿತ್ತು. ಕಿಕ್ಕರ್ ಕೆಳಗೆ ಹೋಗುತ್ತಿಲ್ಲ. ಟ್ಯಾಂಕಿನ ಕ್ರೋಮ್ ಮೇಲೆ ಕಂದು ಚುಕ್ಕೆ, ಬಣ್ಣವೂ ಮಂಕು. ಪೂರ್ತಿ ಬಿಚ್ಚಿ ಪೇಂಟ್ ಮಾಡಿಸು ಅಂತ ಎಲ್ಲರೂ ಹೇಳ್ತಾರೆ. ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಬಂದ ಗಾಡಿಯೊಂದು ನಮ್ಮೂರ ಕಡೆ ಮತ್ತೆ ಓಡಲಿದೆ ಅಂದರೆ ನನಗೆ ನಿಜಕ್ಕೂ ಖುಷಿ. ಆದರೆ ಪೇಂಟಿನ ಮಾತು ಸದ್ಯ ಬದಿಗಿಡಿ. ಮೊದಲು ಇಂಜಿನ್.

ಆ ಕಿಕ್ಕರನ್ನು ಇನ್ನು ತುಳಿಯಬೇಡಿ. ನಮ್ಮ ತೇವದ ಗಾಳಿಗೆ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ತುಕ್ಕು ಹಿಡಿದು ಅಂಟಿಕೊಂಡಿರುತ್ತವೆ. ಮೇಲೆ ನಿಂತು ತುಳಿದರೆ ಒಳಗಿನ ಗೇರಿನ ಹಲ್ಲು ಮುರಿಯುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ. ಡೀಸೆಲ್ ಮತ್ತು ಟೂ ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಆಯಿಲ್) ಸಮ ಬೆರೆಸಿ ನಾಲ್ಕು ಚಮಚ ಒಳಗೆ ಬಿಡಿ. ಎರಡು ದಿನ ಸುಮ್ನೆ ಬಿಡಿ. ಆಮೇಲೆ ಟಾಪ್ ಗೇರ್ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಹಿಂದೆ ಮುಂದೆ ತಿರುಗಿಸಿ. ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಬಿಡುತ್ತದೆ. ವಾರವಾದರೂ ಅಲ್ಲಾಡದಿದ್ದರೆ ಸಿಲಿಂಡರಿನ ಮೇಲ್ಮುಚ್ಚಳ, ಅಂದರೆ ಹೆಡ್ ಬಿಚ್ಚಿಸಿ. ಟೂ ಸ್ಟ್ರೋಕ್ ಗಾಡಿ, ವಾಲ್ವ್ ಇಲ್ಲ, ದೊಡ್ಡ ಕೆಲಸವಲ್ಲ.

ಇನ್ನೊಂದು ಜಾಗ ಹೆಚ್ಚಿನವರು ನೋಡುವುದೇ ಇಲ್ಲ: ಸೈಲೆನ್ಸರ್. ಕೊಟ್ಟಿಗೆಯಲ್ಲಿ ನಿಂತ ಗಾಡಿ ಅಂದರೆ ಕುಂಬಾರ ಹುಳಕ್ಕೆ ಮನೆ ಸಿಕ್ಕಿದ ಹಾಗೆ. ನಾನು ನೋಡಿದ ಒಂದು ಯೆಜ್ಡಿಯ ಬಲಗಡೆ ಸೈಲೆನ್ಸರಿನಲ್ಲಿ ಹೆಬ್ಬೆಟ್ಟಿನಷ್ಟು ದಪ್ಪದ ಮಣ್ಣಿನ ಗೂಡು ಸಾಲಾಗಿ ಅಂಟಿತ್ತು. ಹೊಗೆ ಹೋಗಲು ದಾರಿಯಿಲ್ಲದೆ ಇಂಜಿನ್ ಹಿಡಿದು ನಿಲ್ಲುತ್ತಿರಲಿಲ್ಲ. ಎರಡೂ ಸೈಲೆನ್ಸರಿನ ಬ್ಯಾಫಲ್ (ಸದ್ದು ತಗ್ಗಿಸುವ ಒಳಕೊಳವೆ) ಎಳೆದು ತೆಗೆಯಿರಿ, ಮಸಿ ಕೆರೆಯಿರಿ. ಏರ್ ಫಿಲ್ಟರಿನ ಕಡೆಗೂ ಟಾರ್ಚ್ ಹಾಕಿ.

ಈಗ ಟ್ಯಾಂಕ್. ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿ. ಒಳಗೆ ತುಕ್ಕು ಕಂಡರೆ ಬಿಳಿ ವಿನೆಗರ್ ತುಂಬಿಸಿ ಒಂದು ದಿನ ಇಡಿ, ಸೋಡಾಪುಡಿ ನೀರಿನಿಂದ ತೊಳೆಯಿರಿ, ಒಣಗಿಸಿ. ಒಣಗಿದ ತಕ್ಷಣ ಆಯಿಲ್ ಬೆರೆಸಿದ ಪೆಟ್ರೋಲ್ ಸ್ವಲ್ಪ ಹಾಕಿ ಕುಲುಕಿಸಿ. ತಡಮಾಡಿದರೆ ನಮ್ಮ ಹವೆಯಲ್ಲಿ ಅರ್ಧ ದಿನಕ್ಕೇ ಮತ್ತೆ ಕೆಂಪು ಪುಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ನೀರು ಎಳೆಯುತ್ತದೆ, ಹಳೇ ರಬ್ಬರನ್ನೂ ಹಾಳು ಮಾಡುತ್ತದೆ. ಪೆಟ್ರೋಲ್ ಪೈಪು, ಟ್ಯಾಂಕಿನ ಅಡಿಯ ಪೆಟ್ರೋಲ್ ನಲ್ಲಿಯ (ಕಾಕ್) ವಾಷರ್ ಹೊಸದು ಹಾಕಿಸಿ. ಮಳೆಗಾಲದಲ್ಲಿ ತುಂಬಾ ದಿನ ನಿಲ್ಲಿಸುವುದಾದರೆ ಪೆಟ್ರೋಲ್ ಖಾಲಿ ಮಾಡಿಡಿ.

ಕಾರ್ಬುರೇಟರ್ ಜೆಟ್ಟಿಗೆ ಸೂಜಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಕರೆಂಟ್ ವಯರಿನ ಒಂದು ತಾಮ್ರದ ಎಳೆ ಸಾಕು. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಸಣ್ಣ ಮರಳುಕಾಗದದಲ್ಲಿ ಉಜ್ಜಿ, ಗ್ಯಾಪ್ 0.4 ಮಿ.ಮೀ. ಇಡಿ. ಕಂಡೆನ್ಸರ್, ಪ್ಲಗ್, ಗೇರ್ ಬಾಕ್ಸ್ ಆಯಿಲ್ ಹೊಸದು. ಬ್ಯಾಟರಿ 6 ವೋಲ್ಟಿನದ್ದೇ ಇರಲಿ. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ ಟಿ ಆಯಿಲ್, ಕ್ಯಾನಿನಲ್ಲೇ ಕಲಸಿ ಹಾಕಿ.

ಈಗ ಕಿಕ್ ಹೊಡೆಯಬಹುದು. ಮಾವ ತೋರಿಸಿರಬಹುದು: ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಮೊದಲು ಹೊಗೆ ಜಾಸ್ತಿ ಬರುತ್ತದೆ, ನೀವು ಹಾಕಿದ ಆಯಿಲೇ ಅದು. ಹತ್ತು ಕಿಲೋಮೀಟರ್ ಓಡಿದ ಮೇಲೂ ದಟ್ಟ ಬಿಳಿ ಹೊಗೆ ಇದ್ದು, ಗೇರ್ ಬಾಕ್ಸಿನ ಆಯಿಲ್ ಇಳಿಯುತ್ತಿದ್ದರೆ ಆ ಆಯಿಲ್ ಇಂಜಿನ್ನಿಗೆ ಹೋಗದಂತೆ ತಡೆಯುವ ರಬ್ಬರ್, ಅಂದರೆ ಕ್ರ್ಯಾಂಕ್ ಸೀಲ್ ಒಣಗಿದೆ. ಅದನ್ನು ಮುಂದೂಡಬೇಡಿ. ಟಯರ್ ನೋಡಲು ಚೆನ್ನಾಗಿದ್ದರೂ ಬದಲಿಸಿ, ಬ್ರೇಕ್ ಶೂ ಮತ್ತು ಕೇಬಲ್ಲುಗಳನ್ನೂ ಅಷ್ಟೇ.

ಗಾಡಿ ಓಡಿತಾ? ಇನ್ನು ಅಂದ. ಕ್ರೋಮ್ ಚುಕ್ಕೆಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಕಟ್ಟಿ, ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಫಾಯಿಲ್ ಕ್ರೋಮಿಗಿಂತ ಮೆದು, ಗೀರು ಬೀಳುವುದಿಲ್ಲ. ಕಂಚು ಹಿತ್ತಾಳೆ ತೊಳೆಯುವ ಹಾಗೆ ಬಿಂಬುಳಿ, ಹುಣಸೆ ಹಚ್ಚಬೇಡಿ. ಹುಳಿ ಸಣ್ಣ ತೂತುಗಳಲ್ಲಿ ಇಳಿದು ಅಡಿಯ ಕಬ್ಬಿಣ ತಿನ್ನುತ್ತದೆ. ಮಂಕಾದ ಬಣ್ಣಕ್ಕೆ ರಬ್ಬಿಂಗ್ ಕಾಂಪೌಂಡ್, ಮೇಲೆ ಮೇಣ. ಸೀಟಿನ ಅಡಿ ಒಂದು ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಎಷ್ಟೋ ಸಲ ಅಷ್ಟಕ್ಕೇ ಹಳೇ ಮೆರುಗು ವಾಪಸ್ ಬರುತ್ತದೆ. ಮಾವನ ಮೊಣಕಾಲು ಒತ್ತಿ ಟ್ಯಾಂಕಿನಲ್ಲಿ ಸವೆದ ಗುರುತಿದ್ದರೆ ನಾನಾದರೆ ಅದನ್ನು ಮುಟ್ಟುವುದಿಲ್ಲ. ಕಾರ್ಖಾನೆಯ ಬಣ್ಣ ಒಮ್ಮೆ ಕೆರೆದರೆ ಹೋಯಿತು, ಅಲ್ವಾ? ಕಬ್ಬಿಣ ಕಾಣುವ ಜಾಗಕ್ಕೆ ಮಾತ್ರ ಪ್ರೈಮರ್, ಪೇಂಟ್. ಅದೂ ದೀಪಾವಳಿ ಕಳೆದ ಮೇಲೆ. ಆಟಿ ತಿಂಗಳ ಮಳೆಯ ತೇವದಲ್ಲಿ ಸ್ಪ್ರೇ ಹೊಡೆದರೆ ಪೇಂಟ್ ಬೆಳ್ಳಗೆ ಮಂಜು ಕಟ್ಟುತ್ತದೆ. ಹೊದಿಕೆಗೆ ಪ್ಲಾಸ್ಟಿಕ್ ಬೇಡ, ಹಳೇ ಕಾಟನ್ ಬೆಡ್‌ಶೀಟ್ ಹಾಕಿ.

ದಾಖಲೆ ಮರೆಯಬೇಡಿ. ಗಾಡಿ ಕರ್ನಾಟಕದ್ದು, ನೀವು ಕೇರಳದವರು. ಆರ್‌ಸಿ ಅವಧಿ ಮುಗಿದಿದ್ದರೆ ಮೊದಲು ನವೀಕರಿಸಿ. 15 ವರ್ಷ ಕಳೆದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಅದು ಬೇಕು. ಆಮೇಲೆ ನೋಂದಣಿಯಾದ ಆರ್‌ಟಿಒದಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಪಡೆದು ಕಾಸರಗೋಡು ಆರ್‌ಟಿಒಗೆ ಕೊಡಿ. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮಾವನ ಸಹಿ ಬೇಕಾದ ಕಾಗದಗಳಿಗೆಲ್ಲ ಈ ವಾರವೇ ಹಾಕಿಸಿಕೊಳ್ಳಿ.